ಗಣಕಯಂತ್ರದ ಪಹಣಿ: ಓದುವವರು ಯಾರು?



ಗಣಕಯಂತ್ರ ಬಂದದ್ದರಿಂದ ಬೆಳೆಗಾರನಿಗೆ ಆದ ಲಾಭವೇನು, ನಷ್ಟವೇನು ಎಂಬ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬರಬೇಕೆಂದು ಹಲವು ಸದಸ್ಯರು ಕೇಳುತ್ತ ಬಂದಿದ್ದಾರೆ. ಯಂತ್ರದ ಒಳಗಿನ ವಿದ್ಯೆ ನನ್ನದಲ್ಲ. ಅದನ್ನು ಬಲ್ಲವರು ನಮ್ಮ ನಿಮ್ಮ ಮನೆಗಳಲ್ಲೇ ಹುಟ್ಟಿ ಬೆಳೆದು ಈಗ ಬೆಂಗಳೂರಿನಲ್ಲಿ ಕುಳಿತಿದ್ದಾರೆ; ಹಬ್ಬಕ್ಕೆ ಊರಿಗೆ ಬಂದಾಗ ಕೇಳಿದರೆ ಹೇಳಿಯಾರು. ಸಂಘದ ಕೌಂಟರಿನ ಈಚೆ ಕುಳಿತು ಗೊಬ್ಬರದ ಲೆಕ್ಕದಿಂದ ಹಿಡಿದು ವಿಮೆಯ ಅರ್ಜಿಯವರೆಗೆ ಎಲ್ಲವನ್ನೂ ನೋಡಬೇಕಾದ ಕಾರ್ಯದರ್ಶಿಗೆ ಕಂಡದ್ದನ್ನಷ್ಟೇ ನಾನು ಬರೆಯಬಲ್ಲೆ. ಅದರಲ್ಲೂ ಒಂದೇ ಕಾಗದದ ವಿಷಯವನ್ನು ಹೆಚ್ಚಾಗಿ ಹೇಳುತ್ತೇನೆ. ಅದು ನಮ್ಮ ಪಹಣಿ.

ಪಹಣಿಯೇ ಏಕೆಂದರೆ, ಇಂದು ಒಂದೆರಡು ಎಕರೆ ತೋಟದವನ ಶೂನ್ಯ ಬಡ್ಡಿಯ ಸಾಲ, ಬೆಳೆ ವಿಮೆ, ತುಂತುರು ನೀರಾವರಿಯ ಸಹಾಯಧನ, ಅತಿವೃಷ್ಟಿಯ ಪರಿಹಾರ, ಇವೆಲ್ಲವೂ ಆ ಒಂದು ಹಾಳೆಯಲ್ಲಿರುವ ಸರ್ವೆ ನಂಬರಿಗೆ ಕಟ್ಟಿಹಾಕಲ್ಪಟ್ಟಿವೆ. ಬ್ಯಾಂಕಿನ ಯಂತ್ರ ಅದನ್ನು ಓದುತ್ತದೆ, ತೋಟಗಾರಿಕೆ ಇಲಾಖೆಯ ಯಂತ್ರ ಓದುತ್ತದೆ, ವಿಮೆಯ ಯಂತ್ರ ಓದುತ್ತದೆ. ಜಮೀನಿನ ಒಡೆಯ ಮಾತ್ರ ಓದುವುದಿಲ್ಲ. ಕೈಗೆ ಬಂದ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಬಂದು ನಮ್ಮ ಮೇಜಿನ ಮೇಲೆ ಇಡುತ್ತಾನೆ. ಓದು ಬಾರದವರ ಮಾತು ನಾನು ಹೇಳುತ್ತಿಲ್ಲ; ದಿನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರ ಮಾತನ್ನೇ ಹೇಳುತ್ತಿದ್ದೇನೆ.

ಗಣಕಯಂತ್ರ ಬರುವ ಮುಂಚೆ ಇದ್ದದ್ದೇನು ಎಂಬುದನ್ನು ಸ್ವಲ್ಪ ನೆನೆಯಬೇಕು. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಹೋಯಿತು. 1963ರಿಂದ ಸಂಬಳದ ಗ್ರಾಮಲೆಕ್ಕಿಗರು ಬಂದರು. (ಈಗ ಅವರಿಗೆ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು.) ಮನುಷ್ಯ ಬದಲಾದರೂ ಪುಸ್ತಕ ಬದಲಾಗಲಿಲ್ಲ. ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಇದ್ದ ಪುಸ್ತಕಗಳಲ್ಲಿ ನಮ್ಮೆಲ್ಲರ ಜಮೀನಿತ್ತು. ಅವರು ಬರೆದದ್ದೇ ಗಡಿ, ಅವರು ಬರೆದದ್ದೇ ಬೆಳೆ. ಒಂದು ಪಹಣಿ ಬೇಕೆಂದರೆ ಅವರು ಯಾವ ಊರಿನಲ್ಲಿದ್ದಾರೆ ಎಂದು ವಿಚಾರಿಸಿ, ಬಸ್ಸು ಹಿಡಿದು ಹೋಗಿ, ಅವರಿಗೆ ಬಿಡುವಾಗುವ ತನಕ ಜಗುಲಿಯಲ್ಲಿ ಕಾಯಬೇಕಿತ್ತು. ಕೈ ಬೆಚ್ಚಗೆ ಮಾಡುವ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ.

ಈ ಕತೆ ಮಲೆನಾಡಿನದು ಮಾತ್ರವಲ್ಲ. ಧಾರವಾಡದ ಕೃಷಿ ಕಾಲೇಜಿನಲ್ಲಿ ಓದುವಾಗ ನನಗೆ ಸಹಪಾಠಿಯಾಗಿದ್ದ ಮಿತ್ರರೊಬ್ಬರು ನವಲಗುಂದ ತಾಲ್ಲೂಕಿನ ಯಮನೂರಿನವರು. ಬೆಣ್ಣೆಹಳ್ಳದ ದಂಡೆಯ ಊರು. ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆದುಕೊಳ್ಳುವ ಚಾಂಗದೇವರ ಜಾತ್ರೆಗೆ ಹೆಸರಾದದ್ದು. ಅಲ್ಲಿಯದು ಎರೆಮಣ್ಣು, ಹೆಸರು, ಹತ್ತಿ, ಕಡಲೆ, ಉಳ್ಳಾಗಡ್ಡಿ, ಮೆಣಸಿನಕಾಯಿ. ನಮ್ಮದು ಕೆಂಪುಮಣ್ಣಿನ ಇಳಿಜಾರು. ಅಡಿಕೆ, ಕಾಫಿ, ಕಾಳುಮೆಣಸು. ಅಲ್ಲಿ ಮುಗಿಲು ನೋಡಿ ಬಿತ್ತುತ್ತಾರೆ, ಇಲ್ಲಿ ಮುಗಿಲು ಹರಿಯದಿದ್ದರೆ ಕೊಳೆ ರೋಗ. ನಾವು ಪಹಣಿ ಎನ್ನುವುದನ್ನು ಅವರು ಉತಾರ ಎನ್ನುತ್ತಾರೆ, ಗ್ರಾಮಲೆಕ್ಕಿಗ ಅವರ ಬಾಯಲ್ಲಿ ಇಂದಿಗೂ ತಲಾಟಿ. ಇಷ್ಟು ವ್ಯತ್ಯಾಸವಿದ್ದರೂ ನಾವಿಬ್ಬರೂ ಸೇರಿದಾಗ ಮಾತು ಕೊನೆಗೆ ಬಂದು ನಿಲ್ಲುವುದು ಆ ಹಾಳೆಯ ಬಳಿಯಲ್ಲೇ.

ಹಿಂದಿನ ವರ್ಷ ಅವರು ಹೇಳಿದ ಮಾತನ್ನು ಇಲ್ಲಿ ಕೊಡಬಹುದು: "ಮೊದಲ ಉತಾರ ಬೇಕಂದ್ರ ತಲಾಟಿ ಎಲ್ಲಿ ಅದಾನಂತ ಹುಡಕಬೇಕಾಗ್ತಿತ್ತು. ಈಗ ಉತಾರ ಹತ್ತು ಮಿನಿಟಿನಾಗ ಸಿಗ್ತದ. ಆದ್ರ ಅದರಾಗ ಏನ್ ಬರದೈತಿ ಅಂತ ಹೇಳಾವ್ರನ್ನ ಹುಡಕಬೇಕಾಗೇದ ನೋಡಪಾ."

ಪುಸ್ತಕದಲ್ಲಿ ಬರೆದದ್ದಕ್ಕೂ ಹೊಲದಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಆ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ಅಭಿವೃದ್ಧಿ ಕರ ಹಾಕಿತು. ನೀರು ಹರಿಯದ ಹೊಲಗಳಿಗೂ ಕರ ಬಂದಿದೆ ಎಂಬುದು ಅಂದಿನ ದೊಡ್ಡ ದೂರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಚಳವಳಿ ಉಗ್ರವಾಗಿ ಗೋಲಿಬಾರ್ ಆಯಿತು, ರೈತರು ಸತ್ತರು. ಇಂದಿಗೂ ಆ ದಿನವನ್ನು ಅಲ್ಲಿ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ರಾಜ್ಯದ ರೈತ ಚಳವಳಿಗೆ ಬೆಂಕಿ ಹತ್ತಿದ್ದು ಅಲ್ಲಿಂದ. ಕರದ ಹೊರೆ, ಬೆಲೆಯ ಕುಸಿತ ಮುಂತಾದ ಕಾರಣಗಳು ಹಲವಿದ್ದವು, ನಿಜ. ಆದರೆ ತನ್ನ ಹೊಲಕ್ಕೆ ನೀರು ಬಂದಿದೆಯೋ ಇಲ್ಲವೋ ಎಂಬುದನ್ನು ಕಚೇರಿಯ ಪುಸ್ತಕ ಹೇಳುತ್ತದೆ, ತಾನು ಹೇಳುವಂತಿಲ್ಲ ಎಂಬ ಸಂಕಟವೂ ಅದರಲ್ಲಿತ್ತು ಎಂದು ನನ್ನ ಭಾವನೆ.

ಈ ಹಿನ್ನೆಲೆಯಲ್ಲಿ 'ಭೂಮಿ' ಯೋಜನೆಯನ್ನು ನೋಡಬೇಕು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ, ರಾಜೀವ್ ಚಾವ್ಲಾ ಎಂಬ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಕೇಂದ್ರಗಳು ತೆರೆದವು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಯಾವ ತಾಲ್ಲೂಕಿನಲ್ಲಿ ಯಂತ್ರ ಕೆಲಸ ಆರಂಭಿಸಿತೋ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಮಧ್ಯೆ ಯಾರನ್ನೂ ನುಗ್ಗಿಸುವಂತಿಲ್ಲ. ತಕರಾರಿಗೆಂದು ಆಗ 30 ದಿನಗಳ ನೋಟೀಸು ಇತ್ತು. ಯಂತ್ರವನ್ನು ತೆರೆಯುವ ನೌಕರ ಬೆರಳೊತ್ತಿ ಒಳಗೆ ಹೋಗಬೇಕಾದ್ದರಿಂದ ತಿದ್ದಿದವರು ಯಾರು ಎಂಬುದಕ್ಕೆ ಗುರುತು. ಇವು ಸಣ್ಣ ಸುಧಾರಣೆಗಳಲ್ಲ. ದೇಶದ ಬೇರೆ ರಾಜ್ಯಗಳವರು ಬಂದು ನೋಡಿಕೊಂಡು ಹೋದರು. ಇಂದು ಮೊಬೈಲಿನಲ್ಲೇ ನಮ್ಮ ಪಹಣಿಯನ್ನು ನೋಡಬಹುದು. ಲಂಚವೆಲ್ಲ ಮಾಯವಾಯಿತು ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಬರೀ ಒಂದು ಪ್ರತಿಗಾಗಿ ಜಗುಲಿ ಕಾಯುವ ಕಾಲ ಹೋಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಆ ಕೇಂದ್ರಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದ ಏರ್ಪಾಡು ಒಂದಿತ್ತು. ನೌಕರನ ಎದುರಿಗೆ ಒಂದು ಪರದೆಯಾದರೆ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ಒಳಗೆ ನಡೆಯುವುದನ್ನೆಲ್ಲ ಹೊರಗೆ ನಿಂತವನೂ ನೋಡಲಿ ಎಂಬುದು ಅದನ್ನು ಇಟ್ಟವರ ಉದ್ದೇಶ. ಎಷ್ಟು ಜನ ನೋಡಿದರು? ಸರದಿಯಲ್ಲಿ ನಿಂತವರು ನೋಡುತ್ತಿದ್ದದ್ದು ಗಡಿಯಾರವನ್ನು, ಊರ ಬಸ್ಸು ತಪ್ಪೀತೆಂದು.

ಕೈಬರಹದ ಪುಸ್ತಕಗಳನ್ನು ಯಂತ್ರಕ್ಕೆ ತುಂಬುವಾಗ ಕೋಟಿಗಟ್ಟಲೆ ಅಂಕಿಗಳನ್ನು ಯಾರೋ ಕುಳಿತು ಬೆರಳಚ್ಚು ಮಾಡಿದ್ದಾರೆ. ಗ್ರಾಮಲೆಕ್ಕಿಗರ ಬರವಣಿಗೆ ಒಬ್ಬೊಬ್ಬರದು ಒಂದೊಂದು ಬಗೆ. ಗೆದ್ದಲು ತಿಂದ ಪುಟಗಳು, ಮಳೆನೀರಿಗೆ ಹರಡಿದ ಶಾಯಿ. ತಪ್ಪು ನುಸುಳದೆ ಇರಲು ಸಾಧ್ಯವೇ ಇರಲಿಲ್ಲ. ಮೊದಲು ಪುಸ್ತಕದಲ್ಲಿ ತಪ್ಪಿದ್ದರೆ ಊರಿನವರೆಲ್ಲ ಬಲ್ಲ ಸಂಗತಿಯಾದ್ದರಿಂದ ಗ್ರಾಮಲೆಕ್ಕಿಗ ಒಂದು ಗೀಟೆಳೆದು ಸರಿಪಡಿಸುತ್ತಿದ್ದ (ಆ ಗೀಟಿನಿಂದಲೇ ಅನ್ಯಾಯವೂ ಆಗುತ್ತಿತ್ತೆನ್ನಿ). ಈಗ ಗೀಟೆಳೆಯುವಂತಿಲ್ಲ. ಯಂತ್ರದೊಳಗೆ ಹೋದ ತಪ್ಪು, ಆದೇಶವಿಲ್ಲದೆ ಹೊರಗೆ ಬರುವುದಿಲ್ಲ.

ನಮ್ಮ ಸದಸ್ಯರೊಬ್ಬರ ಪ್ರಕರಣವನ್ನು ವಿವರವಾಗಿ ಹೇಳುವುದು ಒಳ್ಳೆಯದು. ಹೆಸರು, ಊರು, ಕಚೇರಿ ಬೇಡ. ತಂದೆ ತೀರಿಕೊಂಡ ಮೇಲೆ ಮೂವರು ಮಕ್ಕಳು ಪೌತಿ ಖಾತೆಗೆ ಅರ್ಜಿ ಹಾಕಿದರು. ಅರ್ಜಿ ತಿರುಗಿ ಬಂತು. ಕಾರಣ ಕೇಳಿದರೆ "ಸಿಸ್ಟಂ ತಗೊಳ್ತಾ ಇಲ್ಲ" ಎಂಬ ಉತ್ತರ. ಎರಡು ಸಲ ಅಲೆದ ಮೇಲೆ ಹಿರಿಯ ಮಗ ಪಹಣಿಯನ್ನು ನಮ್ಮ ಮೇಜಿನ ಮೇಲೆ ಇಟ್ಟರು. 3ನೆಯ ಕಾಲಮಿನಲ್ಲಿ ಜಮೀನಿನ ವಿಸ್ತೀರ್ಣ 1 ಎಕರೆ 32 ಗುಂಟೆ. 9ನೆಯ ಕಾಲಮಿನಲ್ಲಿ ತಂದೆಯ ಹೆಸರಿನ ಮುಂದೆ 1 ಎಕರೆ 23 ಗುಂಟೆ. ಬರೆಯುವಾಗ 3 ಮತ್ತು 2 ಸ್ಥಳ ಬದಲಾಯಿಸಿವೆ, ಅಷ್ಟೇ. ಒಂಬತ್ತು ಗುಂಟೆ ತೋಟಕ್ಕೆ ಲೆಕ್ಕದಲ್ಲಿ ಒಡೆಯನೇ ಇಲ್ಲ. ಎರಡು ಕಾಲಮು ತಾಳೆಯಾಗದ ಪಹಣಿಯ ಮೇಲೆ ಯಂತ್ರ ಮುಂದಿನ ಹೆಜ್ಜೆ ಇಡುವುದಿಲ್ಲ. ಪೌತಿಯಾಗದೆ ಮಕ್ಕಳ ಹೆಸರಿಗೆ ಖಾತೆಯಿಲ್ಲ, ಖಾತೆಯಿಲ್ಲದೆ ಸಂಘದಿಂದ ಸಾಲ ಕೊಡಲಾಗದು, ಸತ್ತವರ ಹೆಸರಿನಲ್ಲಿ ವಿಮೆಯನ್ನೂ ಮಾಡಲಾಗದು. ಆ ವರ್ಷ ಔಷಧಿ ಹೊಡೆಯುವ ಖರ್ಚಿಗೆ ಅವರು ಹೊರಗೆ ಕೈಸಾಲ ಮಾಡಿದರು; ಬಡ್ಡಿ ಎಷ್ಟೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ಸರಿಯಾದದ್ದು ಹೇಗೆ? ಅವರ ತಾಯಿ ಪೆಟ್ಟಿಗೆಯ ತಳದಲ್ಲಿ ಒಂದು ಹಳೆಯ ಕೈಬರಹದ ಪಹಣಿಯನ್ನು ಇಟ್ಟುಕೊಂಡಿದ್ದರು, ಯಾವಾಗಲೋ ಸಾಲಕ್ಕೆಂದು ತೆಗೆಸಿದ್ದು. ಅದರಲ್ಲಿ ಎರಡೂ ಕಡೆ 1 ಎಕರೆ 32 ಗುಂಟೆ ಸ್ಪಷ್ಟವಾಗಿತ್ತು. ಅದನ್ನು ಹಿಡಿದು ರೆಕಾರ್ಡ್ ರೂಮಿನಿಂದ ದೃಢೀಕೃತ ನಕಲು, ಭೂಮಾಪನ ಇಲಾಖೆಯಿಂದ ಆಕಾರಬಂದಿನ ಪ್ರತಿ ತೆಗೆಸಿ, ತಿದ್ದುಪಡಿಗೆ ಅರ್ಜಿ ಕೊಡಲಾಯಿತು. ಮೊದಲ ಔಷಧಿ ಹೊಡೆಯುವ ಕಾಲದಲ್ಲಿ ಕೊಟ್ಟ ಅರ್ಜಿ ಮರುವರ್ಷದ ಕಾಫಿ ಕುಯ್ಲಿನ ಹೊತ್ತಿಗೆ ಇತ್ಯರ್ಥವಾಯಿತು. ಇದರಲ್ಲಿ ಗಮನಿಸಬೇಕಾದದ್ದೆಂದರೆ, ತಪ್ಪಾದ ಅಚ್ಚಿನ ಪಹಣಿಯನ್ನು ಆ ತಂದೆ ಹಲವು ವರ್ಷ ತೆಗೆಸಿ ತೆಗೆಸಿ ನಮಗೇ ತಂದು ಕೊಟ್ಟಿದ್ದರು. ಅವರ ಜೀವಮಾನದಲ್ಲೇ, ಅವರ ಸಹಿಯಿಂದಲೇ, ಯಾವ ಆತುರವೂ ಇಲ್ಲದೆ ಸರಿಯಾಗಬಹುದಾಗಿದ್ದ ಕೆಲಸ ಅದು. ಇಂಥ 3 ಮತ್ತು 9ನೆಯ ಕಾಲಮಿನ ವ್ಯತ್ಯಾಸ ರಾಜ್ಯದಲ್ಲಿ ಎಷ್ಟು ಸಾಮಾನ್ಯವೆಂದರೆ ಅದರ ತಿದ್ದುಪಡಿಗೆಂದೇ ಕಂದಾಯ ಇಲಾಖೆ ಅದಾಲತ್ತುಗಳನ್ನು ನಡೆಸಬೇಕಾಯಿತು.

ಹೆಸರಿನ ತೊಡಕು ಇನ್ನೊಂದು ಬಗೆಯದು. ನಮ್ಮ ಪಹಣಿಗಳಲ್ಲಿ 'ಇಂಥವರು ಬಿನ್ ಇಂಥವರು', ಹೆಂಗಸರಾದರೆ 'ಕೋಂ ಇಂಥವರು' ಎಂದು ಬರೆಯುವುದು ರೂಢಿ. ಯಮನೂರಿನ ಕಡೆ 'ತಂದೆ ಇಂಥವರು' ಎಂದು ಬರೆದು ಮುಂದೆ ಅಡ್ಡಹೆಸರು ಹಾಕುತ್ತಾರೆ. ಆಧಾರ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು, ಅದನ್ನು ಯಂತ್ರವೇ ಕನ್ನಡಕ್ಕೆ ತಿರುಗಿಸಿದಾಗ ಭಟ್ಟರು ಭಟ್ ಆಗುತ್ತಾರೆ, ಪುಟ್ಟೇಗೌಡರು ಪುಟ್ಟೆ ಗೌಡರಾಗುತ್ತಾರೆ, ಶೇಷಮ್ಮನವರು ಶೇಶಮ್ಮ ಆಗುತ್ತಾರೆ. ಊರಿಗೆಲ್ಲ ಒಬ್ಬರೇ, ಯಂತ್ರಕ್ಕೆ ಇಬ್ಬರು. 2018ರ ಸಾಲಮನ್ನಾದ ಕಾಲದಲ್ಲಿ ಇದರ ಪೂರ್ತಿ ರುಚಿ ನಮಗೆ ಸಿಕ್ಕಿತು. ಸಹಕಾರ ಸಂಘದ ಬೆಳೆಸಾಲಕ್ಕೆ ಕುಟುಂಬಕ್ಕೆ 1 ಲಕ್ಷ ರೂಪಾಯಿವರೆಗೆ ಮನ್ನಾ. ಅದಕ್ಕೆ ಪಡಿತರ ಚೀಟಿ, ಆಧಾರ್, ಪಹಣಿಯ ಸರ್ವೆ ನಂಬರು ಮೂರೂ ಒಂದಕ್ಕೊಂದು ಕೂಡಬೇಕು. ಕುಟುಂಬವೆಂದರೆ ಯಾರು ಎಂಬುದನ್ನು ಪಡಿತರ ಚೀಟಿ ತೀರ್ಮಾನಿಸಿತು. ಬೇರೆ ಒಲೆ ಹೂಡಿ ಹತ್ತು ವರ್ಷವಾದರೂ ಚೀಟಿ ಬೇರೆ ಮಾಡಿಸದ ಅಣ್ಣತಮ್ಮಂದಿರು ಯಂತ್ರದ ಕಣ್ಣಿಗೆ ಒಂದೇ ಮನೆಯವರು. ಎಷ್ಟೋ ರಾತ್ರಿ ಸಂಘದ ಕಚೇರಿಯಲ್ಲಿ ದೀಪ ಆರಿಸದೆ ಅಂಕಿ ತುಂಬಿದ್ದೇವೆ.

ಈಗ ಬೆಳೆಯ ಕಾಲಮಿಗೆ ಬರೋಣ. ನಮ್ಮಂಥ ತೋಟಗಾರರಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲಿ. 2017ರಿಂದ ಈಚೆಗೆ ಬೆಳೆ ಸಮೀಕ್ಷೆಯನ್ನು ಮೊಬೈಲಿನಲ್ಲಿ ಮಾಡುತ್ತಾರೆ. ಊರಿನ ಯುವಕರೊಬ್ಬರು ಜಮೀನಿನಲ್ಲಿ ನಿಂತು ಫೋಟೋ ತೆಗೆದು ಸರ್ವೆ ನಂಬರುವಾರು ಬೆಳೆ ದಾಖಲಿಸಬೇಕು. 2020ರಿಂದ ರೈತನೇ ಮಾಡಿಕೊಳ್ಳಲೂ ಅವಕಾಶವಿದೆ. ಯಮನೂರಿನಂಥ ಊರಿನಲ್ಲಿ ಇದು ಸುಲಭ. ಬದುವಿನ ಮೇಲೆ ನಿಂತರೆ ಕಣ್ಣು ಹಾಯುವವರೆಗೂ ಒಂದೇ ಹೆಸರು ಅಥವಾ ಒಂದೇ ಕಡಲೆ. ನಮ್ಮ ತೋಟದಲ್ಲಿ? ಮೇಲೆ ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಕಾಫಿ, ಅಲ್ಲಲ್ಲಿ ಬಾಳೆ, ತಂಪಿನಲ್ಲಿ ನಾಲ್ಕು ಏಲಕ್ಕಿ ಹಿಂಡಲು. ಉಂಬಳಕ್ಕೆ ಹೆದರಿ ಗೇಟಿನ ಬಳಿಯಲ್ಲೇ ನಿಂತು ತೆಗೆದ ಫೋಟೋದಲ್ಲಿ ಎದುರಿಗೆ ಕಾಣುವುದು ಕಾಫಿ ಗಿಡ. ಹಾಗಾಗಿ ಬೆಳೆ ಕಾಫಿ. ಆ ಜಮೀನಿಗೆ ಅಡಿಕೆಯ ವಿಮೆ ಕಟ್ಟಿದವನ ಅರ್ಜಿಯನ್ನು ಯಂತ್ರ ಸಮೀಕ್ಷೆಯೊಂದಿಗೆ ಹೋಲಿಸಿ 'ಬೆಳೆ ತಾಳೆಯಾಗಿಲ್ಲ' ಎಂದು ಪಕ್ಕಕ್ಕಿಡುತ್ತದೆ. ಪ್ರೀಮಿಯಂ ಕಟ್ಟಿದ ರಸೀದಿ ಕೈಯಲ್ಲಿದೆ, ಪರಿಹಾರ ಬರುವುದಿಲ್ಲ. ಸಮೀಕ್ಷೆ ಮಾಡುವ ಹುಡುಗರನ್ನು ಬೈದು ಫಲವಿಲ್ಲ. ಅವರಿಗೆ ಸಿಗುವುದು ತುಂಡಿಗಿಷ್ಟು ಎಂದು. ಅವರ ಜೊತೆ ನಾವು ತೋಟದೊಳಗೆ ಹೋಗಿ ಮಿಶ್ರಬೆಳೆ ಎಂದು ಬರೆಸಬೇಕು. 'ಬೆಳೆ ದರ್ಶಕ' ಎಂಬ ಆ್ಯಪಿನಲ್ಲಿ ನಮ್ಮ ಸರ್ವೆ ನಂಬರು ಹಾಕಿ ಏನು ದಾಖಲಾಗಿದೆ ಎಂದು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅವಧಿ ಮುಗಿದ ಮೇಲೆ ಬಂದವರಿಗೆ ನಾನು ಮಾತ್ರವಲ್ಲ, ಯಾರೂ ಏನೂ ಮಾಡಲಾರರು.

ವಿಮೆಯ ಇನ್ನೊಂದು ಸೂಕ್ಷ್ಮವಿದೆ. ಯಮನೂರಿನ ಹೆಸರು ಬೆಳೆಗೆ ವಿಮೆ ನಿಂತಿರುವುದು ಬೆಳೆ ಕಟಾವು ಪ್ರಯೋಗದ ಮೇಲೆ. ಆರಿಸಿದ ಹೊಲಗಳಲ್ಲಿ ಅಳತೆ ಮಾಡಿ ಕೊಯ್ದು ತೂಗಿ, ಪಂಚಾಯತಿಗೆ ಇಷ್ಟು ಇಳುವರಿ ಎಂದು ಕಟ್ಟುತ್ತಾರೆ. ನಮ್ಮ ಅಡಿಕೆ, ಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ವಿಮೆ ಮೊತ್ತದ ನೂರಕ್ಕೆ 5ರಷ್ಟು ನಾವು ಕಟ್ಟುತ್ತೇವೆ. ಕೊಳೆ ಬಂದು ಗೊನೆ ಪೂರ್ತಿ ಉದುರಿದರೂ ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಪಂಚಾಯತಿಯ ಮಳೆಮಾಪಕ ತಾನಾಗಿಯೇ ಕಳಿಸುವ ಅಂಕಿಯೇ ತೀರ್ಪು. ರಾಜ್ಯದಲ್ಲಿ ಇಂಥ ಮಾಪಕಗಳು 6 ಸಾವಿರಕ್ಕೂ ಹೆಚ್ಚು ಹಾಕಲ್ಪಟ್ಟವು; ಬಯಲುಸೀಮೆಗೆ ಅದು ಸಾಕೋ ಏನೋ. ನಮ್ಮಲ್ಲಿ ಗುಡ್ಡದ ಈಚೆ ಬಿಡದೆ ಹೊಯ್ಯುವಾಗ ಆಚೆ ಮಗ್ಗುಲಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಮಾಪಕ ಆಚೆ ಇದ್ದರೆ? ಬಳ್ಳಿ ಹಬ್ಬಿ ಮುಚ್ಚಿಕೊಂಡಿದ್ದರೆ? ಆದ್ದರಿಂದ ನಮ್ಮ ಪಂಚಾಯತಿಯ ಮಾಪಕ ಎಲ್ಲಿದೆ ಎಂಬುದನ್ನು ಪ್ರತಿಯೊಬ್ಬ ಸದಸ್ಯನೂ ಒಮ್ಮೆ ಹೋಗಿ ನೋಡಿಬರಬೇಕು, ಕೆಟ್ಟಿದ್ದರೆ ಆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಮನೆಯಲ್ಲಿ ಡಬ್ಬಿಯಿಟ್ಟು ಮಳೆ ಅಳೆದು ದಿನಚರಿಯಲ್ಲಿ ಬರೆಯುವ ಹಳೆಯ ಅಭ್ಯಾಸ ಕಾಫಿ ಬೆಳೆಗಾರರಲ್ಲಿ ಇನ್ನೂ ಇದೆ. ಅದನ್ನು ಬಿಡಬೇಡಿ. ವಿಮಾ ಕಂಪನಿ ಅದನ್ನು ಒಪ್ಪಲಿಕ್ಕಿಲ್ಲ. ಆದರೆ ಮನವಿ ಬರೆಯುವಾಗ ದಿನಾಂಕ ಸಹಿತ ಹೇಳಲು ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ.

ಕೆಲಸದ ಮಾತು. ನಾನು ವಿದ್ಯಾರ್ಥಿಯಾಗುವ ಮುಂಚೆಯೇ, 1980ರ ದಶಕದಲ್ಲಿ, ಗಣಕಯಂತ್ರ ಬಂದರೆ ಗುಮಾಸ್ತರ ಅನ್ನ ಹೋಗುತ್ತದೆ ಎಂಬ ಭಯವಿತ್ತು. ಬ್ಯಾಂಕ್ ನೌಕರರ ಸಂಘಗಳು 1983ರಲ್ಲಿ ಒಪ್ಪಂದ ಮಾಡಿಕೊಂಡು ಬಹಳ ಎಚ್ಚರಿಕೆಯಿಂದಲೇ ಅದನ್ನು ಒಳಗೆ ಬಿಟ್ಟುಕೊಂಡವು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂತು. ನಮ್ಮಂಥ ಪ್ರಾಥಮಿಕ ಸಂಘಗಳಿಗೆ ಆ ಸರದಿ ಬರಲು ನಾಲ್ಕು ದಶಕ ಬೇಕಾಯಿತು: ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಒಂದೇ ಬಗೆಯ ತಂತ್ರಾಂಶ ಅಳವಡಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2022ರ ಜೂನ್ 29ರಂದು. ಅನ್ನ ಹೋಯಿತೇ? ಸಂಘಗಳಲ್ಲಿ ಹೋಗಲಿಲ್ಲ. ಆದರೆ ಕಚೇರಿಗಳಲ್ಲಿ ಉಳಿದ ಕೆಲಸ ಎಲ್ಲಿಗೆ ಬಂತು ಎಂದು ನೋಡಿ. ಹಿಂದೆ ಗ್ರಾಮಲೆಕ್ಕಿಗ, ಕೃಷಿ ಸಹಾಯಕ, ಬ್ಯಾಂಕಿನ ಗುಮಾಸ್ತ ಮಾಡುತ್ತಿದ್ದ ಬರವಣಿಗೆಯನ್ನು ಈಗ ರೈತನೇ ಮಾಡಬೇಕು. ಅಪ್‌ಲೋಡ್ ಮಾಡುವವನು ಅವನು, ಒ.ಟಿ.ಪಿ. ಹೇಳುವವನು ಅವನು, 'ಸರ್ವರ್ ಇಲ್ಲ' ಎಂದರೆ ನಾಳೆ ಮತ್ತೆ ಬರುವವನೂ ಅವನೇ. ಅವನಿಗೆ ಬಾರದಿದ್ದರೆ ಪೇಟೆಯ ಸೈಬರ್ ಅಂಗಡಿ, ಇಲ್ಲವೇ ಸಂಘ. ಆ ಕೆಲಸಕ್ಕೆ ಸಂಬಳವಿಲ್ಲ, ಲೆಕ್ಕವೂ ಇಲ್ಲ.

ಧಾರಣೆಯ ವಿಷಯ ಎಲ್ಲರೂ ಬಲ್ಲದ್ದು, ಬೇಗ ಮುಗಿಸುತ್ತೇನೆ. ಕಾಫಿ ಮಂಡಳಿಯ ಪೂಲಿನ ಕಾಲದಲ್ಲಿ ಕಾಫಿ ಕೊಟ್ಟು ಕಂತಿನ ಹಣಕ್ಕೆ ಕಾಯುವುದಷ್ಟೇ ನಮ್ಮ ಕೆಲಸವಾಗಿತ್ತು. 1996ರಲ್ಲಿ ಪೂಲ್ ಪೂರ್ತಿ ಹೋದ ಮೇಲೆ ಬೆಳಗ್ಗೆ ಎದ್ದು ಲಂಡನ್ನಿನ ರೋಬಸ್ಟಾ, ನ್ಯೂಯಾರ್ಕಿನ ಅರೇಬಿಕಾ ನೋಡುವುದು ಅಭ್ಯಾಸವಾಗಿದೆ. ಅಡಿಕೆಯ ಚೀಟಿ ಟೆಂಡರಿನ ಜಾಗದಲ್ಲಿ ಇ-ಟೆಂಡರ್ ಬಂದು ರಾಶಿ, ಬೆಟ್ಟೆ, ಸರಕು, ಗೊರಬಲಿನ ಧಾರಣೆ ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಇರುತ್ತದೆ. ವ್ಯಾಪಾರಿ ಹೇಳಿದ್ದನ್ನೇ ನಂಬುವ ಕಾಲ ಹೋಯಿತು, ಅದು ಲಾಭ. ಆದರೆ ಮೂರು ಚೀಲ ಚೆರ್ರಿ ಇರುವವನಿಗೆ ಲಂಡನ್ನಿನ ಧಾರಣೆ ಗೊತ್ತಾದ ಮಾತ್ರಕ್ಕೆ ಸಿಕ್ಕಿಬಿಡುವುದಿಲ್ಲ. ಒಟ್ಟುಗೂಡಿಸಿ ಮಾರಿದರೆ ಸಂಘದ ಮೂಲಕ ಸ್ವಲ್ಪ ಹತ್ತಿರ ಹೋಗಬಹುದು. ಇನ್ನು ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾಯಿದೆ ಮಾಡಿದೆ. ಅಲ್ಲಿಗೆ ಹೋಗುವ ಕಾಫಿ ಯಾವ ತುಂಡು ಜಮೀನಿನಲ್ಲಿ ಬೆಳೆದದ್ದು ಎಂದು ಅಕ್ಷಾಂಶ ರೇಖಾಂಶ ಸಹಿತ ತೋರಿಸಬೇಕು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗವಾಗಿರಬಾರದು. ಜಾರಿಯ ದಿನವನ್ನು ಅವರು ಮುಂದೂಡುತ್ತ ಬಂದಿದ್ದಾರೆ, ಆದರೆ ಇಟಲಿಯಂಥ ದೊಡ್ಡ ಗಿರಾಕಿ ಇರುವುದೇ ಆ ಒಕ್ಕೂಟದಲ್ಲಿ. ಆಗ ನಮ್ಮ ಸರ್ವೆ ನಂಬರನ್ನು ಓದುವವರ ಸಾಲಿಗೆ ವಿದೇಶದವರೂ ಸೇರುತ್ತಾರೆ.

ಕಲಿಕೆಯ ಬಗ್ಗೆ ಎರಡು ಮಾತು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಿಗ್ನಲ್ ಸಿಗುವ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೆಲ್ಲ ನೋಡಿರಬಹುದು. ನಮ್ಮ ಮಲೆನಾಡಿನಲ್ಲೂ ಮಕ್ಕಳು ಗುಡ್ಡ ಹತ್ತಿದರು. ಆ ಮಕ್ಕಳಿಗೆ ಇಂದು ಯಂತ್ರದ ಭಯವಿಲ್ಲ, ಅದು ಸಂತೋಷ. ಆದರೆ ಅವರಿಗೆ ಪಹಣಿ ಗೊತ್ತಿಲ್ಲ. ಪಹಣಿ ಗೊತ್ತಿರುವ ಅಜ್ಜನಿಗೆ ಯಂತ್ರ ಗೊತ್ತಿಲ್ಲ. ಪರದೆಯಲ್ಲಿ ಹಾಳೆ ತೆರೆಯುವುದನ್ನು ಮೊಮ್ಮಗಳು ಬಲ್ಲಳು, ಹಿಸ್ಸಾ ಎಂದರೇನು, ಖರಾಬು ಎಂದರೇನು, 11ನೆಯ ಕಾಲಮಿನ ಬೋಜಾ ಯಾವ ಸಾಲದ್ದು ಎಂಬುದನ್ನು ಅಜ್ಜ ಬಲ್ಲ. ಇಬ್ಬರೂ ಒಟ್ಟಿಗೆ ಕುಳಿತ ಮನೆಗಳಲ್ಲಿ ಕೆಲಸ ಸುಗಮವಾಗಿ ನಡೆದದ್ದನ್ನು ಕಂಡಿದ್ದೇನೆ. ಕುಳಿತುಕೊಳ್ಳದ ಮನೆಗಳಲ್ಲಿ ಫೋನು, ಆಧಾರ್ ಸಂಖ್ಯೆ, ಒ.ಟಿ.ಪಿ. ಎಲ್ಲವೂ ಗುರುತಿಲ್ಲದವರ ಕೈಗೆ ಹೋಗುತ್ತದೆ. 2023ರಲ್ಲಿ ನೋಂದಣಿ ಪತ್ರಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಮಂಗಳೂರಿನ ಕಡೆ ಬೆಳಕಿಗೆ ಬಂದವು. ಹಿಂದೆ ಹೆಬ್ಬೆಟ್ಟು ಎಂದರೆ ಓದು ಬಾರದವನ ಗುರುತಾಗಿತ್ತು. ಈಗ ಪದವೀಧರನೂ ಬೆರಳನ್ನೇ ಒತ್ತುತ್ತಾನೆ.

ಯಂತ್ರದಿಂದ ಬಡವನಿಗೆ ಬಲವೇ ಬರಲಿಲ್ಲ ಎನ್ನುವವರ ಪಕ್ಷ ನನ್ನದಲ್ಲ. 1980ರ ನವಲಗುಂದದ ಸುದ್ದಿ ನಮ್ಮೂರುಗಳಿಗೆ ಬಂದದ್ದು ರೇಡಿಯೋದಲ್ಲಿ, ಮರುದಿನದ ಪತ್ರಿಕೆಯಲ್ಲಿ. 2016ರ ಜುಲೈ ಕೊನೆಯಲ್ಲಿ ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ನಂತರ ಅದೇ ತಾಲ್ಲೂಕಿನಲ್ಲಿ ಚಳವಳಿ ಎದ್ದಾಗ, ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರೆನ್ನದೆ ಲಾಠಿ ಬೀಸಿದ ದೃಶ್ಯ ಟಿ.ವಿ.ಯಲ್ಲೂ ಮೊಬೈಲುಗಳಲ್ಲೂ ನಾಡಿಗೆಲ್ಲ ಕಂಡಿತು. ಸರ್ಕಾರ ತನಿಖೆಗೆ ಆದೇಶಿಸಬೇಕಾಯಿತು. ಚಿತ್ರವಿಲ್ಲದಿದ್ದರೆ ಆ ಊರಿನವರ ಮಾತನ್ನು ಎಷ್ಟು ಜನ ನಂಬುತ್ತಿದ್ದರು? ತಮ್ಮ ಕಡೆಯ ದಾಖಲೆ ಇದ್ದವರ ಮಾತಿಗೆ ತೂಕವಿದೆ, ಅದು ಲಾಠಿಯ ವಿಷಯವಾದರೂ ಸರಿ, ಒಂಬತ್ತು ಗುಂಟೆಯ ವಿಷಯವಾದರೂ ಸರಿ.

ಈ ಕಾರಣದಿಂದ ಆಡಳಿತ ಮಂಡಳಿ ಒಂದು ಏರ್ಪಾಡು ಮಾಡಿದೆ. ಪ್ರತಿ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ 2 ಗಂಟೆಯಿಂದ ಸಂಘದ ಸಭಾಂಗಣದಲ್ಲಿ ಪಹಣಿ ಓದುವ ಕೂಟ. ನಿಮ್ಮ ಪಹಣಿಯನ್ನು ದೊಡ್ಡ ಪರದೆಯಲ್ಲಿ ಅಲ್ಲ, ನಿಮ್ಮ ಕೈಗೇ ಕೊಟ್ಟು, ನೀವೇ ಓದುವಂತೆ ಮಾಡುತ್ತೇವೆ. 3 ಮತ್ತು 9ನೆಯ ಕಾಲಮು ಕೂಡುತ್ತದೆಯೇ. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ. ತೀರಿಸಿದ ಸಾಲದ ಬೋಜಾ 11ರಲ್ಲಿ ಉಳಿದಿದೆಯೇ (ಉಳಿದಿದ್ದರೆ ಸಾಲ ಕೊಟ್ಟ ಸಂಸ್ಥೆಯಿಂದ ಋಣಮುಕ್ತ ಪತ್ರ ತಂದು ತೆಗೆಸಬೇಕು, ಅದು ತಾನಾಗಿ ಹೋಗುವುದಿಲ್ಲ). 12ರಲ್ಲಿ ಅಡಿಕೆ, ಕಾಫಿ, ಮೆಣಸು ಮೂರೂ ಬಂದಿವೆಯೇ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಯಾವುದು ಎಂಬುದನ್ನೂ ಅಂದೇ ನೋಡಬಹುದು. ಗ್ಯಾಸಿನ ಸಹಾಯಧನಕ್ಕೆಂದು ಯಾವಾಗಲೋ ತೆರೆದು ಮರೆತ ಖಾತೆಗೆ ವಿಮೆಯ ಹಣ ಹೋಗಿ ಕುಳಿತಿರುವುದೂ ಉಂಟು.

ಜಮೀನು ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕು. ಹೆಂಗಸರ ಹೆಸರಿನಲ್ಲಿದ್ದರೆ ಅವರೇ ಬರಲಿ, ಯಜಮಾನರನ್ನು ಕಳಿಸುವುದು ಬೇಡ. ಜೊತೆಗೆ ಹೈಸ್ಕೂಲು, ಕಾಲೇಜಿನ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ. ಒ.ಟಿ.ಪಿ.ಯನ್ನು ಯಾರಿಗೂ, ನಮ್ಮ ಸಿಬ್ಬಂದಿಗೂ, ಹೇಳುವ ಅಗತ್ಯ ಆ ಕೂಟದಲ್ಲಿ ಇಲ್ಲ. ಪಹಣಿಯ ಪ್ರತಿ ತೆಗೆಯುವ ಖರ್ಚನ್ನು ಈ ವರ್ಷದ ಮಟ್ಟಿಗೆ ಸಂಘವೇ ವಹಿಸಿಕೊಳ್ಳುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕೈಬರಹದ ಪಹಣಿ, ಕಂದಾಯದ ರಸೀದಿ, ವಿಭಾಗ ಪತ್ರ ಇದ್ದರೆ ಅವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ತನ್ನಿ. ಓದುವ ಕನ್ನಡಕವನ್ನು ಮರೆಯಬೇಡಿ. ಅಚ್ಚು ಬಹಳ ಸಣ್ಣದು.